ಗೆರೆ ಒಂದು, ಓದು ಹಲವು: ಆದಿ ಗೆಲಾಕ್ಸಿಗಳ ರೋಹಿತದ ಸುತ್ತ

2022ರ ಜುಲೈಯಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಮಾಹಿತಿ ಹೊರಬಿದ್ದ ಕೆಲವೇ ದಿನಗಳಲ್ಲಿ ಮಸುಕು ಚುಕ್ಕೆಯೊಂದು ಸುದ್ದಿಯಾಯಿತು. ಅದರ ಹೆಸರು ಸೀರ್ಸ್-93316. ಬೇರೆ ಬೇರೆ ಫಿಲ್ಟರ್‌ಗಳಲ್ಲಿ ಅದು ಎಷ್ಟೆಷ್ಟು ಹೊಳೆಯುತ್ತದೆ ಎಂದು ಅಳೆದ ತಂಡ ಅದರ ಕೆಂಪು ಪಲ್ಲಟ, ಅಂದರೆ ದಾರಿಯಲ್ಲಿ ಬೆಳಕಿನ ಅಲೆ ಎಷ್ಟು ಹಿಗ್ಗಿದೆ ಎಂಬ ಅಳತೆ, 16.4 ಇರಬಹುದೆಂದು ಲೆಕ್ಕ ಹಾಕಿತು. ಎಂದರೆ ಮಹಾಸ್ಫೋಟವಾಗಿ ಸುಮಾರು 24 ಕೋಟಿ ವರ್ಷಕ್ಕೇ ಅಷ್ಟು ಪ್ರಖರವಾಗಿ ಬೆಳಗುತ್ತಿದ್ದ ಗೆಲಾಕ್ಸಿ. ಅಷ್ಟು ಬೇಗ ಅಷ್ಟು ದೊಡ್ಡದು ಹುಟ್ಟುವುದು ಹೇಗೆಂದು ಸಿದ್ಧಾಂತಿಗಳು ತಲೆ ಕೆಡಿಸಿಕೊಂಡರು. ಮರುವರ್ಷ ಅದೇ ಚುಕ್ಕೆಯ ಬೆಳಕನ್ನು ರೋಹಿತವಾಗಿ ಬಿಡಿಸಿ ನೋಡಿದಾಗ ಕೆಂಪು ಪಲ್ಲಟ 4.9 ಎಂದು ಖಚಿತವಾಯಿತು. 24 ಕೋಟಿ ಹೋಗಿ ಸುಮಾರು 120 ಕೋಟಿ ವರ್ಷವಾಯಿತು.

ಎಡವಿದ್ದು ಎಲ್ಲಿ? ಬಹುದೂರದ ಗೆಲಾಕ್ಸಿಯ ನೇರಳಾತೀತ ಬೆಳಕನ್ನು ದಾರಿಯಲ್ಲಿರುವ ಜಲಜನಕ ನುಂಗಿಬಿಡುತ್ತದೆ. ಹಾಗಾಗಿ ಒಂದು ಅಲೆಯುದ್ದಕ್ಕಿಂತ ಕೆಳಗೆ ಆ ಗೆಲಾಕ್ಸಿ ಕಾಣುವುದೇ ಇಲ್ಲ. ಈ ಕಡಿತ ಯಾವ ಫಿಲ್ಟರ್‌ನಲ್ಲಿ ಬಿತ್ತು ಎಂದು ನೋಡಿ ದೂರವನ್ನು ಅಂದಾಜು ಮಾಡುತ್ತಾರೆ. ಸೀರ್ಸ್-93316ರಲ್ಲಿ ಆಮ್ಲಜನಕ ಮತ್ತು ಜಲಜನಕ ತಮ್ಮದೇ ಅಲೆಯುದ್ದಗಳಲ್ಲಿ ಸೂಸುವ ಪ್ರಖರ ಗೆರೆಗಳು ವೆಬ್‌ನ ಕೆಂಪು ಕಡೆಯ ಫಿಲ್ಟರ್‌ಗಳೊಳಗೆ ಲೆಕ್ಕ ಹಾಕಿಟ್ಟಂತೆ ಬಂದು ಕೂತಿದ್ದವು. ಅವು ಆ ಫಿಲ್ಟರ್‌ಗಳ ಹೊಳಪನ್ನೆಲ್ಲ ಎತ್ತಿ, ಇಲ್ಲದ ಕಡಿತವನ್ನು ಇದ್ದಂತೆ ತೋರಿಸಿದವು. ದಾರಿ ತಪ್ಪಿಸಿದ್ದೂ ಗೆರೆಗಳೇ, ರೋಹಿತದಲ್ಲಿ ಸಿಕ್ಕಿಬಿದ್ದು ನಿಜ ಹೇಳಿದ್ದೂ ಅವೇ.

ಆದಿ ಗೆಲಾಕ್ಸಿಗಳ ಬಗ್ಗೆ ಈಗ ನಡೆಯುತ್ತಿರುವ ವಾದಗಳು ಬಹುಮಟ್ಟಿಗೆ ಈ ಗೆರೆಗಳನ್ನು ಹೇಗೆ ಓದಬೇಕೆಂಬ ವಾದಗಳು. ಗೆರೆಯಲ್ಲಿ ನೋಡುವುದು ಮೂರು ಸಂಗತಿ: ರೋಹಿತದಲ್ಲಿ ಅದು ಎಲ್ಲಿ ಬಿದ್ದಿದೆ, ಎಷ್ಟು ಎತ್ತರವಿದೆ, ಎಷ್ಟು ಅಗಲವಿದೆ. ಜಾಗದ ಬಗ್ಗೆ ಈಗ ಹೆಚ್ಚು ತಕರಾರಿಲ್ಲ. ಎತ್ತರದ ಬಗ್ಗೆ ಜೋರಾಗಿಯೇ ಇದೆ. ಅಗಲದ ವಿಷಯಕ್ಕೆ ಬಂದರೆ ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ನೂರು ಪಟ್ಟು ಅಂತರವಿದೆ.

ನೆಬ್ಯುಲಿಯಂ ಎಂಬ ಇಲ್ಲದ ಧಾತು

1864ರ ಆಗಸ್ಟ್ 29ರ ರಾತ್ರಿ ಲಂಡನ್ನಿನ ಟಲ್ಸ್ ಹಿಲ್‌ನಲ್ಲಿ ವಿಲಿಯಂ ಹಗ್ಗಿನ್ಸ್ ತಮ್ಮ ಖಾಸಗಿ ವೀಕ್ಷಣಾಲಯದಿಂದ ಡ್ರೇಕೋ ನಕ್ಷತ್ರಪುಂಜದ ನೀಹಾರಿಕೆಯೊಂದರತ್ತ ರೋಹಿತದರ್ಶಕ ತಿರುಗಿಸಿದರು. ನಕ್ಷತ್ರಗಳಲ್ಲಿ ಕಾಣುವ ಹಾಗೆ ಬಣ್ಣದ ಪಟ್ಟಿ ಕಾಣಲಿಲ್ಲ. ಕತ್ತಲ ಹಿನ್ನೆಲೆಯಲ್ಲಿ ಹಸಿರು ಗೆರೆ ಮಾತ್ರ ಕಂಡಿತು. ಬಿಸಿಯಾದ ಅನಿಲ ಮಾತ್ರ ಹಾಗೆ ಬೆಳಗಬಲ್ಲದು. ನೀಹಾರಿಕೆಗಳೆಲ್ಲ ದೂರದ ನಕ್ಷತ್ರಗಳ ಗುಂಪುಗಳೇ ಎಂಬ ನಂಬಿಕೆ ಆ ರಾತ್ರಿ ಬಿದ್ದುಹೋಯಿತು. ಆದರೆ ಆ ಗೆರೆ ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಹೊಸ ಧಾತುವೇ ಇರಬೇಕೆಂದು ಅದಕ್ಕೆ ನೆಬ್ಯುಲಿಯಂ ಎಂದು ಹೆಸರಿಟ್ಟರು.

ಇದಾಗಿ ನಾಲ್ಕು ವರ್ಷಕ್ಕೆ, 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ದಖ್ಖನಿನ ಮೇಲೆ ಹಾದುಹೋಯಿತು. ಅದನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ ಠಿಕಾಣಿ ಹೂಡಿದ್ದರು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ಮೊಮ್ಮಗ ಇವರು. ಮೋಡಗಳ ಕಾಟದ ನಡುವೆಯೂ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಅವರಿಗೆ ಹೊಳೆಯುವ ಗೆರೆಗಳು ಸಿಕ್ಕವು. ಅದೇ ಗ್ರಹಣವನ್ನು ಗುಂಟೂರಿನಲ್ಲಿ ನೋಡಿದವರು ಫ್ರಾನ್ಸಿನ ಪಿಯರ್ ಜಾನ್ಸೆನ್. ಆ ಜ್ವಾಲೆಗಳಲ್ಲಿ ಕಂಡ ಹಳದಿ ಗೆರೆ ಮುಂದೆ ಹೀಲಿಯಂ ಎಂಬ ನಿಜವಾದ ಹೊಸ ಧಾತುವಾಯಿತು. ನೆಬ್ಯುಲಿಯಂನ ಹಣೆಬರಹ ಬೇರೆಯಿತ್ತು. 1927ರಲ್ಲಿ ಐರಾ ಬೋವೆನ್ ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಮಾಮೂಲಿ ಆಮ್ಲಜನಕವೆಂದು ತೋರಿಸಿದರು. ಭೂಮಿಯ ಮೇಲಿನ ದಟ್ಟ ಅನಿಲದಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಲೇ ಇರುವುದರಿಂದ ಆ ಬೆಳಕು ಹೊರಡಲು ಪುರುಸೊತ್ತೇ ಸಿಗುವುದಿಲ್ಲ. ಅಂತರಿಕ್ಷದ ತೆಳು ಅನಿಲದಲ್ಲಿ ಸಿಗುತ್ತದೆ. 500.7 ನ್ಯಾನೋಮೀಟರಿನ ಆ ಗೆರೆಯೇ ಇಂದು ಆದಿ ಗೆಲಾಕ್ಸಿಗಳ ಅಧ್ಯಯನಕ್ಕೆ ಬಹಳ ಆಧಾರವಾಗಿರುವುದು.

ಗೆರೆಯಿಂದ ದೂರ ಅಳೆಯುವ ಶಕ್ತಿ ಎಲ್ಲರ ಕಣ್ಣಿಗೆ ಬಿದ್ದದ್ದು 1963ರಲ್ಲಿ. 3ಸಿ 273 ಎಂಬ ನಕ್ಷತ್ರದಂಥ ಚುಕ್ಕೆಯ ಅರ್ಥವಾಗದ ಗೆರೆಗಳು ಜಲಜನಕದ ಪರಿಚಿತ ಗೆರೆಗಳೇ, ಸುಮಾರು ಶೇ. 16ರಷ್ಟು ಕೆಂಪಿನತ್ತ ಸರಿದಿವೆ ಎಂದು ಮಾರ್ಟೆನ್ ಸ್ಮಿತ್ ಗುರುತಿಸಿದರು. 1967ರಲ್ಲಿ ಬ್ರೂಸ್ ಪಾರ್ಟ್ರಿಜ್ ಮತ್ತು ಜೇಮ್ಸ್ ಪೀಬಲ್ಸ್ ಇನ್ನೂ ಮುಂದೆ ಹೋದರು. ಹೊಸದಾಗಿ ಹುಟ್ಟುತ್ತಿರುವ ಗೆಲಾಕ್ಸಿಗಳು ಜಲಜನಕದ ಲೈಮನ್ ಆಲ್ಫಾ ಗೆರೆಯಲ್ಲಿ, ಅಂದರೆ 121.6 ನ್ಯಾನೋಮೀಟರಿನಲ್ಲಿ, ಪ್ರಖರವಾಗಿ ಬೆಳಗಬೇಕು. ಹುಡುಕಿದರೆ ಸಿಗುತ್ತವೆ ಎಂದರು. ಹುಡುಕಿದರು, ಸಿಗಲಿಲ್ಲ. ಸುಮಾರು ಮೂವತ್ತು ವರ್ಷ ಹೀಗೇ ಕಳೆದ ಮೇಲೆ, 1990ರ ದಶಕದ ಕೊನೆಯಲ್ಲಿ ಹವಾಯಿಯ ಕೆಕ್ ದೂರದರ್ಶಕದ ಕಾಲಕ್ಕೆ ಅವು ಗುಂಪುಗುಂಪಾಗಿ ಸಿಗತೊಡಗಿದವು. 2006ರಲ್ಲಿ ಜಪಾನಿನ ಸುಬಾರು ದೂರದರ್ಶಕ 6.96 ಕೆಂಪು ಪಲ್ಲಟದ ಐಒಕೆ-1 ಗೆಲಾಕ್ಸಿಯನ್ನು ಈ ಗೆರೆಯಿಂದಲೇ ಹಿಡಿಯಿತು.

ಗೆರೆಯ ಜಾಗ

ಕೆಂಪು ಪಲ್ಲಟ 8.5 ಎಂದರೆ ಹೊರಟ ಅಲೆ ನಮ್ಮನ್ನು ತಲುಪುವಷ್ಟರಲ್ಲಿ 9.5 ಪಟ್ಟು ಉದ್ದವಾಗಿದೆ ಎಂದರ್ಥ. ಒಂದೇ ಗೆರೆ ಸಿಕ್ಕರೆ ಅದು ಯಾವ ಧಾತುವಿನದೆಂಬ ಅನುಮಾನ ಉಳಿಯುತ್ತದೆ. ಎರಡು ಮೂರು ಸಿಕ್ಕು ಅವುಗಳ ನಡುವಿನ ಅನುಪಾತ ಹೊಂದಿತೋ, ಮುಗಿಯಿತು.

ವೆಬ್‌ಗಿಂತ ಮೊದಲು ಈ ಭಾಗ್ಯ ಇರಲಿಲ್ಲ. 2016ರಲ್ಲಿ ಹಬಲ್ ದೂರದರ್ಶಕ ಜಿಎನ್-ಝಡ್11 ಗೆಲಾಕ್ಸಿಗೆ 11.1 ಎಂದು ಕೊಟ್ಟದ್ದು ಕಡಿತವನ್ನು ನೋಡಿ. ವೆಬ್‌ನ ಗೆರೆಗಳು ಅದನ್ನು 10.6ಕ್ಕೆ ತಿದ್ದಿದವು. ವೆಬ್‌ನ ರೋಹಿತಮಾಪಕ ನಿರ್‌ಸ್ಪೆಕ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಪುಟಾಣಿ ಕಿಟಕಿಗಳಿವೆ. ಬೇಕಾದ ಗೆಲಾಕ್ಸಿಗಳ ಮುಂದಿನ ಕಿಟಕಿಗಳನ್ನಷ್ಟೇ ತೆರೆದು ಒಂದೇ ಸಲಕ್ಕೆ ನೂರಕ್ಕೂ ಹೆಚ್ಚು ರೋಹಿತ ತೆಗೆಯಬಹುದು. ಆದರೆ ಅದರ ಕಣ್ಣು 5.3 ಮೈಕ್ರಾನಿಗೆ ನಿಲ್ಲುತ್ತದೆ. ಕೆಂಪು ಪಲ್ಲಟ ಸುಮಾರು 7 ದಾಟಿದರೆ ಜಲಜನಕದ ಕೆಂಪು ಗೆರೆ ಅದರ ಕೈಗೆ ಸಿಗುವುದಿಲ್ಲ, 9.6 ದಾಟಿದರೆ ಆಮ್ಲಜನಕದ ಹಸಿರು ಗೆರೆಯೂ ಇಲ್ಲ. ಅಲ್ಲಿಂದಾಚೆಗೆ ಉಳಿಯುವುದು ಹೆಚ್ಚಾಗಿ ನೇರಳಾತೀತದ ಕ್ಷೀಣ ಗೆರೆಗಳು.

ಜೇಡ್ಸ್-ಜಿಎಸ್-ಝಡ್14-0 ಗೆಲಾಕ್ಸಿಯ ಪಾಡು ಇದೇ. 2024ರಲ್ಲಿ ವೆಬ್ ಅದಕ್ಕೆ 14.32 ಎಂದು ಕೊಟ್ಟಿತು, ಆದರೆ ರೋಹಿತದಲ್ಲಿ ಗಟ್ಟಿ ಗೆರೆ ಒಂದೂ ಇರಲಿಲ್ಲ. 2025ರಲ್ಲಿ ಚಿಲಿಯ ಮರುಭೂಮಿಯ ಆಲ್ಮಾ ರೇಡಿಯೋ ದೂರದರ್ಶಕ ಜಾಲ ಅದೇ ಆಮ್ಲಜನಕದ 88 ಮೈಕ್ರಾನಿನ ಗೆರೆಯನ್ನು ಹಿಡಿದು ಲೆಕ್ಕವನ್ನು 14.18ಕ್ಕೆ ಇಳಿಸಿತು. ವ್ಯತ್ಯಾಸ ಸಣ್ಣದು. ಆದರೆ ಕಡಿತದ ಅಂದಾಜಿಗೂ ಗೆರೆಯ ಅಳತೆಗೂ ಇರುವ ವ್ಯತ್ಯಾಸ ಸಣ್ಣದಾಗಿಯೇ ಉಳಿದೀತೆಂಬ ಭರವಸೆ ಸೀರ್ಸ್-93316ರ ನಂತರ ಯಾರಿಗೂ ಇಲ್ಲ. 2025ರಲ್ಲೇ ಪ್ರಕಟವಾದ ಮಾಮ್-ಝಡ್14ರ ಕೆಂಪು ಪಲ್ಲಟ 14.44. ಅಲ್ಲಿಗೆ ನಾವು ಮಹಾಸ್ಫೋಟದ ನಂತರದ 28 ಕೋಟಿ ವರ್ಷದ ಹತ್ತಿರ ಬಂದಿದ್ದೇವೆ.

ಗೆರೆಯ ಎತ್ತರ: ಧಾತುಗಳ ಲೆಕ್ಕ

ಗೆಲಾಕ್ಸಿಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಕೇಳಿದರೆ ಎರಡು ಪಂಥದವರು ಎರಡು ದಾರಿ ತೋರಿಸುತ್ತಾರೆ.

ಮೊದಲ ಪಂಥದವರು ನೇರ ವಿಧಾನದವರು. ಆಮ್ಲಜನಕಕ್ಕೆ 500.7ರ ಗೆರೆಯ ಜೊತೆ 436.3 ನ್ಯಾನೋಮೀಟರಿನಲ್ಲಿ ಬಹಳ ಕ್ಷೀಣವಾದ ಇನ್ನೊಂದು ಗೆರೆ ಇದೆ. ಅದು ಮೂಡಲು ಎಲೆಕ್ಟ್ರಾನುಗಳು ಹೆಚ್ಚು ಬಿಸಿಯಾಗಿರಬೇಕು. ಎರಡರ ಅನುಪಾತದಿಂದ ಅನಿಲದ ತಾಪಮಾನ ಸಿಗುತ್ತದೆ, ತಾಪಮಾನ ಗೊತ್ತಾದರೆ ಗೆರೆಯ ಎತ್ತರವನ್ನು ಪರಮಾಣುಗಳ ಲೆಕ್ಕಕ್ಕೆ ತಿರುಗಿಸಬಹುದು. 2022ರ ಜುಲೈ 12ರಂದು ಬಿಡುಗಡೆಯಾದ ವೆಬ್‌ನ ಮೊದಲ ಮಾಹಿತಿಯಲ್ಲೇ ಈ ಕ್ಷೀಣ ಗೆರೆ ಕಂಡಾಗ ಈ ಪಂಥದವರಿಗೆ ಹಬ್ಬವಾಯಿತು. ಎಸ್‌ಮ್ಯಾಕ್ಸ್ 0723 ಗೆಲಾಕ್ಸಿ ಸಮೂಹದ ಹಿಂದಿದ್ದ, 8.5 ಕೆಂಪು ಪಲ್ಲಟದ ಗೆಲಾಕ್ಸಿಯೊಂದರಲ್ಲಿ ಸೂರ್ಯನಲ್ಲಿರುವ ಆಮ್ಲಜನಕದ ಶೇ. 2–3ರಷ್ಟು ಮಾತ್ರ ಇದೆಯೆಂಬ ಲೆಕ್ಕ ಬಂತು. ಒಂದೇ ರೋಹಿತವನ್ನು ಎತ್ತಿಕೊಂಡ ಬೇರೆ ಬೇರೆ ತಂಡಗಳ ಉತ್ತರಗಳು ಒಂದಕ್ಕೊಂದು ಪೂರ್ತಿ ತಾಳೆಯಾಗಲಿಲ್ಲ; ಉಪಕರಣದ ಮಾಪನವೇ ಆಗಿನ್ನೂ ಕುದುರಿರಲಿಲ್ಲ.

ಎರಡನೆಯ ಪಂಥದವರು ಪ್ರಬಲ ಗೆರೆಗಳವರು. ಕ್ಷೀಣ ಗೆರೆಗಾಗಿ ಕಾಯುತ್ತ ಕೂತರೆ ಬೆರಳೆಣಿಕೆಯ ಗೆಲಾಕ್ಸಿಗಳಷ್ಟೇ ಸಿಗುತ್ತವೆ ಎನ್ನುವುದು ಇವರ ವಾದ. ಅದು ಸರಿಯೇ. ಹಾಗಾಗಿ ಆಮ್ಲಜನಕದ ಪ್ರಬಲ ಗೆರೆಗಳನ್ನು ಜಲಜನಕದ ಗೆರೆಗೆ ಹೋಲಿಸುವ ಸೂತ್ರ ಬಳಸುತ್ತಾರೆ. ಆದರೆ ಆ ಸೂತ್ರ ರೂಪುಗೊಂಡದ್ದು ನಮ್ಮ ಆಸುಪಾಸಿನ ಗೆಲಾಕ್ಸಿಗಳಲ್ಲಿ. ಆದಿ ಗೆಲಾಕ್ಸಿಗಳಲ್ಲಿ ಅನಿಲ ಹೆಚ್ಚು ದಟ್ಟ, ನಕ್ಷತ್ರಗಳ ವಿಕಿರಣ ಹೆಚ್ಚು ಕಠೋರ. ಈಗ ವೆಬ್‌ನ ಕ್ಷೀಣ ಗೆರೆಗಳನ್ನೇ ಒಟ್ಟುಗೂಡಿಸಿ ಸೂತ್ರಗಳನ್ನು ತಿದ್ದಿ ಬರೆಯುವ ಕೆಲಸ ನಡೆದಿದೆ. ನನಗೆ ಇದು ಎರಡೂ ಪಂಥಗಳು ಒಂದಾಗುವ ದಾರಿಯಂತೆ ಕಾಣುತ್ತದೆ.

ಆಮ್ಲಜನಕವಾದರೂ ಲೆಕ್ಕಕ್ಕೆ ಸಿಕ್ಕಿತು, ಸಾರಜನಕ ಸಿಗುತ್ತಿಲ್ಲ. ಜಿಎನ್-ಝಡ್11ರ ರೋಹಿತದಲ್ಲಿ ಸಾರಜನಕದ ಗೆರೆಗಳು ಯಾರೂ ನಿರೀಕ್ಷಿಸದಷ್ಟು ಎತ್ತರಕ್ಕೆ ನಿಂತಿದ್ದವು. ಆಮ್ಲಜನಕಕ್ಕೆ ಹೋಲಿಸಿದರೆ ಅಲ್ಲಿ ಸಾರಜನಕ ಸೂರ್ಯನಲ್ಲಿರುವುದಕ್ಕಿಂತಲೂ ಹೆಚ್ಚು. ಸಾರಜನಕದ ಬಹುಪಾಲು ಹುಟ್ಟುವುದು ನಿಧಾನವಾಗಿ ಬಾಳುವ ಮಧ್ಯಮ ತೂಕದ ನಕ್ಷತ್ರಗಳಲ್ಲಿ. ಮಹಾಸ್ಫೋಟವಾಗಿ 43 ಕೋಟಿ ವರ್ಷಕ್ಕೇ ಅಷ್ಟು ಸಾರಜನಕ ಎಲ್ಲಿಂದ ಬಂತು? ಸೂರ್ಯನ ಸಾವಿರಾರು ಪಟ್ಟು ತೂಕದ ದೈತ್ಯ ನಕ್ಷತ್ರಗಳು ತಮ್ಮ ಹೊರಪದರವನ್ನು ಉದುರಿಸಿರಬೇಕು ಎನ್ನುತ್ತದೆ ಒಂದು ಗುಂಪು. ನಮ್ಮ ಆಕಾಶಗಂಗೆಯ ಹಳೆಯ ಗುಚ್ಛಗಳ ಕೆಲವು ನಕ್ಷತ್ರಗಳಲ್ಲೂ ಇಂಥದೇ ವಿಚಿತ್ರ ಮಿಶ್ರಣವಿರುವುದು ಅವರಿಗೆ ಬಲ ಕೊಡುತ್ತದೆ. ಗುಚ್ಛಗಳು ಹುಟ್ಟುವ ಗಳಿಗೆಯನ್ನೇ ನಾವು ನೋಡುತ್ತಿರಬಹುದು. ಇನ್ನೊಂದು ಗುಂಪಿನ ಪ್ರಕಾರ ಅಲ್ಲಿ ಸೂರ್ಯನ ಹತ್ತಿಪ್ಪತ್ತು ಲಕ್ಷ ಪಟ್ಟು ತೂಕದ ಕಪ್ಪುಕುಳಿ ಇದೆ, ಗೆರೆಗಳು ಅದರ ಸುತ್ತಲಿನ ಚಿಕ್ಕ ದಟ್ಟ ಪ್ರದೇಶದವು. ಅಷ್ಟು ಸಣ್ಣ ಜಾಗ ಸಾರಜನಕದಿಂದ ತುಂಬಲು ಹೆಚ್ಚು ನಕ್ಷತ್ರಗಳು ಬೇಕಿಲ್ಲ. ಎರಡೂ ವಿವರಣೆ ಅಚ್ಚುಕಟ್ಟಾಗಿವೆ. ಎರಡನ್ನೂ ಬೇರ್ಪಡಿಸುವ ಗೆರೆ ಮಾತ್ರ ಕೈಗೆ ಸಿಕ್ಕಿಲ್ಲ.

ಜಲಜನಕವನ್ನು ಒಡೆದವರು ಯಾರು?

ವಿಶ್ವದ ಮೊದಲ ನೂರು ಕೋಟಿ ವರ್ಷಗಳಲ್ಲಿ ಗೆಲಾಕ್ಸಿಗಳ ನಡುವಿನ ತಟಸ್ಥ ಜಲಜನಕವೆಲ್ಲ ಒಡೆದು ಅಯಾನಾಯಿತು. ಪ್ಲಾಂಕ್ ಉಪಗ್ರಹದ ಲೆಕ್ಕದಂತೆ ಈ ಕೆಲಸದ ನಡುಘಟ್ಟ ಸುಮಾರು 7.7 ಕೆಂಪು ಪಲ್ಲಟದ ಕಾಲಕ್ಕೆ ಬೀಳುತ್ತದೆ. ಮಾಡಿದವರು ಯಾರು ಎಂಬುದಕ್ಕೆ ಮೂರು ಉತ್ತರಗಳಿವೆ. ಸಂಖ್ಯೆಯಲ್ಲಿ ವಿಪರೀತವಾಗಿರುವ ಬಡ, ಸಣ್ಣ ಗೆಲಾಕ್ಸಿಗಳು ಕೂಡಿ ಮಾಡಿದವು ಎನ್ನುವುದು ಮೊದಲನೆಯದು. ಕೆಲವೇ ದೊಡ್ಡ ಶ್ರೀಮಂತ ಗೆಲಾಕ್ಸಿಗಳು ಮಾಡಿದವು ಎಂಬುದು ಎರಡನೆಯದು. ಆ ಪಂಥದವರು ತಮ್ಮ ಲೇಖನದ ಶೀರ್ಷಿಕೆಯಲ್ಲೇ ಅವನ್ನು ಒಲಿಗಾರ್ಕ್‌ಗಳು ಎಂದು ಕರೆದರು. ಕಪ್ಪುಕುಳಿಗಳ ಪಾಲೂ ದೊಡ್ಡದಿರಬೇಕು ಎನ್ನುವ ಮೂರನೆಯ ಉತ್ತರ ತಣ್ಣಗಾಗಿತ್ತು, ವೆಬ್ ಬಂದ ಮೇಲೆ ಮತ್ತೆ ಜೀವ ಪಡೆದಿದೆ.

ಸಣ್ಣವರ ಪರವಾಗಿ ಬಲವಾದ ಸಾಕ್ಷ್ಯ ಬಂದದ್ದು 2024ರಲ್ಲಿ. ಅಬೆಲ್ 2744 ಗೆಲಾಕ್ಸಿ ಸಮೂಹದ ಗುರುತ್ವ ತನ್ನ ಹಿಂದಿನ ಬೆಳಕನ್ನು ಮಸೂರದಂತೆ ಹಿಗ್ಗಿಸುತ್ತದೆ. ಈ ಗುರುತ್ವ ಮಸೂರದ ಹಿಂದೆ ಕಂಡ ಎಂಟು ಅತಿ ಮಸುಕು ಗೆಲಾಕ್ಸಿಗಳ ಗೆರೆಗಳಿಂದ, ಅವು ಅಂದುಕೊಂಡದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚು ಅಯಾನೀಕರಿಸುವ ಫೋಟಾನುಗಳನ್ನು ಹುಟ್ಟಿಸುತ್ತವೆ ಎಂದು ಹಕೀಮ್ ಅತೆಕ್ ಅವರ ತಂಡ ಲೆಕ್ಕ ಹಾಕಿತು. ಕೂಡಲೇ ಎದುರು ತಕರಾರು ಬಂತು: ಎಲ್ಲ ಸಣ್ಣ ಗೆಲಾಕ್ಸಿಗಳೂ ಹೀಗಿದ್ದರೆ ಜಲಜನಕ ಬೇಗನೆ ಒಡೆದು ಮುಗಿಯಬೇಕಿತ್ತು, ಪ್ಲಾಂಕ್ ಹಾಗೆ ಹೇಳುವುದಿಲ್ಲವಲ್ಲ? ದಶಕಗಳ ಕಾಲ ಫೋಟಾನ್ ಸಾಲದೆಂದು ಕೊರಗುತ್ತಿದ್ದ ಕ್ಷೇತ್ರಕ್ಕೆ ಈಗ ಫೋಟಾನ್ ಹೆಚ್ಚಾದ ಚಿಂತೆ.

ಎಲ್ಲವೂ ಸಿಕ್ಕಿಕೊಂಡಿರುವುದು ಒಂದೇ ಸಂಖ್ಯೆಯಲ್ಲಿ. ಹುಟ್ಟಿದ ಫೋಟಾನುಗಳಲ್ಲಿ ಎಷ್ಟು ಪಾಲು ಗೆಲಾಕ್ಸಿಯಿಂದ ಹೊರಗೆ ತಪ್ಪಿಸಿಕೊಳ್ಳುತ್ತದೆ? ಆದಿಕಾಲದ ಗೆಲಾಕ್ಸಿಗಳಲ್ಲಿ ಇದನ್ನು ನೇರವಾಗಿ ಅಳೆಯುವಂತಿಲ್ಲ. ಹತ್ತಿರದವನ್ನು ನೋಡಿ ಊಹಿಸಬೇಕು. ಬಟಾಣಿಯಂತೆ ಹಸಿರಾಗಿ ಕಾಣುವ ಗ್ರೀನ್ ಪೀ ಗೆಲಾಕ್ಸಿಗಳು ಇದಕ್ಕೆ ಅಚ್ಚುಮೆಚ್ಚಿನ ಮಾದರಿ. ಗೆಲಾಕ್ಸಿ ಝೂ ಯೋಜನೆಯ ಸ್ವಯಂಸೇವಕರ ಕಣ್ಣಿಗೆ ಬಿದ್ದವು ಇವು. ಹಸಿರು ಬಣ್ಣಕ್ಕೆ ಕಾರಣ ಬೋವೆನ್‌ರ ಅದೇ ಆಮ್ಲಜನಕ. ಇಲ್ಲಿ ಭಾರತದ ಪಾಲೂ ಇದೆ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕವನ್ನು ಕಟ್ಟುವ ಕೆಲಸದ ಮುಂದಾಳತ್ವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅದರಿಂದ ಪುಣೆಯ ಕನಕ್ ಸಾಹಾ ಅವರ ತಂಡ 2020ರಲ್ಲಿ 1.42 ಕೆಂಪು ಪಲ್ಲಟದ ಗೆಲಾಕ್ಸಿಯೊಂದರಿಂದ ಅಯಾನೀಕರಿಸುವ ಬೆಳಕು ಸೋರಿ ಬರುತ್ತಿರುವುದನ್ನೇ ನೇರವಾಗಿ ಹಿಡಿಯಿತು.

ಈ ಪ್ರಶ್ನೆಗೆ ಲೈಮನ್ ಆಲ್ಫಾ ಗೆರೆ ಇನ್ನೊಂದು ಕಡೆಯಿಂದ ಬೆಳಕು ಬೀರುತ್ತದೆ. ತಟಸ್ಥ ಜಲಜನಕದೊಳಗೆ ಈ ಬೆಳಕಿನ ಪಾಡು ಜಾತ್ರೆಯ ಜಂಗುಳಿಯಲ್ಲಿ ಸಿಕ್ಕ ಮಗುವಿನದು. ಒಂದು ಪರಮಾಣುವಿನಿಂದ ಇನ್ನೊಂದಕ್ಕೆ ತಳ್ಳಿಸಿಕೊಳ್ಳುತ್ತ ದಿಕ್ಕು ತಪ್ಪುತ್ತದೆ. ಜಲಜನಕ ಒಡೆಯದಿದ್ದ ಕಾಲದಿಂದ ಆ ಗೆರೆ ನಮಗೆ ಕಾಣಬಾರದು. ಆದರೆ 2025ರಲ್ಲಿ ಯೋರಿಸ್ ವಿಟ್‌ಸ್ಟಾಕ್ ಅವರ ತಂಡ 13ರ ಕೆಂಪು ಪಲ್ಲಟದ ಜೇಡ್ಸ್-ಜಿಎಸ್-ಝಡ್13-1ರಲ್ಲಿ ಅದೇ ಗೆರೆ ಪ್ರಖರವಾಗಿ ಕಾಣುತ್ತಿದೆ ಎಂದು ಪ್ರಕಟಿಸಿತು. ಆ ಗೆಲಾಕ್ಸಿ ತನ್ನ ಸುತ್ತ ದೊಡ್ಡ ಅಯಾನು ಗುಳ್ಳೆ ಕಟ್ಟಿಕೊಂಡಿರಬೇಕು. 33 ಕೋಟಿ ವರ್ಷಕ್ಕೇ ಅದನ್ನು ಕಟ್ಟಿದ್ದು ಅಸಾಧಾರಣ ನಕ್ಷತ್ರಗಳೋ ಕಪ್ಪುಕುಳಿಯೋ ಹೇಳಬರುವುದಿಲ್ಲ.

ಗೆರೆಯ ಅಗಲ: ಸಣ್ಣ ಕೆಂಪು ಚುಕ್ಕೆಗಳು

ಅನಿಲ ವೇಗವಾಗಿ ಸುತ್ತುತ್ತಿದ್ದರೆ ಗೆರೆ ಅಗಲವಾಗುತ್ತದೆ. ವೆಬ್‌ನ ಚಿತ್ರಗಳಲ್ಲಿ ಎಲ್ಲೆಂದರಲ್ಲಿ ಕಂಡ ಸಣ್ಣ ಕೆಂಪು ಚುಕ್ಕೆಗಳಲ್ಲಿ ಜಲಜನಕದ ಗೆರೆಯ ಅಗಲ ಸೆಕೆಂಡಿಗೆ ಸಾವಿರ ಕಿಲೋಮೀಟರ್ ದಾಟುತ್ತದೆ. ಹತ್ತಿರದ ಕ್ವೇಸಾರುಗಳಲ್ಲಿ, ಅಂದರೆ ಕಪ್ಪುಕುಳಿಯ ಬಲದಿಂದ ಬೆಳಗುವ ಗೆಲಾಕ್ಸಿ ಕೇಂದ್ರಗಳಲ್ಲಿ, ಕಲಿತ ಸೂತ್ರ ಹಾಕಿದರೆ ಒಳಗೆ ಸೂರ್ಯನ ಲಕ್ಷಾಂತರದಿಂದ ಕೋಟ್ಯಂತರ ಪಟ್ಟು ತೂಕದ ಕಪ್ಪುಕುಳಿ ಇರಬೇಕು. ನಮ್ಮ ಕಾಲದ ಗೆಲಾಕ್ಸಿಗಳಲ್ಲಿ ಕಪ್ಪುಕುಳಿ ನಕ್ಷತ್ರಗಳ ಒಟ್ಟು ತೂಕದ ಸಾವಿರದಲ್ಲೊಂದು ಪಾಲಿನಷ್ಟಿದ್ದರೆ, ಇಲ್ಲಿ ಕೆಲವು ಕಡೆ ಹತ್ತರಲ್ಲೊಂದು ಪಾಲು ಬರುತ್ತದೆ. ಮನೆಗಿಂತ ಮೊದಲೇ ಯಜಮಾನ ಹುಟ್ಟಿದ್ದನೆಂದು ಒಪ್ಪಬೇಕಾಗುತ್ತದೆ.

ಒಪ್ಪದವರ ಬಳಿ ಕಾರಣಗಳಿವೆ. ಈ ಚುಕ್ಕೆಗಳಲ್ಲಿ ಹೆಚ್ಚಿನವು ಎಕ್ಸ್-ಕಿರಣದಲ್ಲಿ ಕಾಣುವುದಿಲ್ಲ, ಕ್ವೇಸಾರುಗಳಂತೆ ಮಿನುಗುವುದೂ ಇಲ್ಲ. ಅತಿ ಒತ್ತಾಗಿ ತುಂಬಿದ ನಕ್ಷತ್ರಗಳ ಓಟವೇ ಗೆರೆಯನ್ನು ಅಗಲ ಮಾಡಿತು ಎಂದರು ಕೆಲವರು. ಈಗ ಹೆಚ್ಚು ಕಿವಿಗೆ ಬೀಳುತ್ತಿರುವುದು ಮೂರನೆಯ ಮಾತು. ಕಪ್ಪುಕುಳಿ ಇದೆ, ಆದರೆ ದಟ್ಟ ಅನಿಲದ ಕವಚದಲ್ಲಿ ಹೂತಿದೆ. ಆ ಅನಿಲದ ಎಲೆಕ್ಟ್ರಾನುಗಳಿಗೆ ತಾಗಿ ಚದುರಿದ ಬೆಳಕು ಗೆರೆಯನ್ನು ಇಲ್ಲದಷ್ಟು ಅಗಲ ಮಾಡಿ ತೋರಿಸುತ್ತಿದೆ. ಹಾಗಿದ್ದರೆ ತೂಕ ಹತ್ತರಿಂದ ನೂರು ಪಟ್ಟು ಇಳಿಯುತ್ತದೆ. ಇದಕ್ಕೆ ಎದುರಾಗಿ 2025ರಲ್ಲಿ ಅಬೆಲ್ 2744ರ ಹಿಂದಿನ ಒಂದು ಚುಕ್ಕೆಯಲ್ಲಿ ಅನಿಲ ಸುತ್ತುವ ವೇಗವನ್ನೇ ಬಿಡಿಸಿ ಅಳೆದ ತಂಡಕ್ಕೆ ಸುಮಾರು ಐದು ಕೋಟಿ ಸೂರ್ಯರ ತೂಕ ಸಿಕ್ಕಿತು, ಹಳೆಯ ಸೂತ್ರಕ್ಕೆ ಹೊಂದುವಂತೆಯೇ. ಒಂದೇ ಚುಕ್ಕೆಯಿಂದ ಎಲ್ಲದಕ್ಕೂ ತೀರ್ಪು ಕೊಡುವುದು ಆತುರವಾದೀತು. ಆದರೂ ಸೂತ್ರದ ಮೂಲಕ ಬಂದ ನೂರು ಲೆಕ್ಕಗಳಿಗಿಂತ ಸೂತ್ರವಿಲ್ಲದ ಈ ಒಂದು ಅಳತೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಗೆರೆ ಇಲ್ಲದಿರುವುದೇ ಸಾಕ್ಷಿಯಾದಾಗ

ಜಲಜನಕ, ಹೀಲಿಯಂ ಬಿಟ್ಟು ಬೇರೇನೂ ಇಲ್ಲದ ಅನಿಲದಿಂದ ಹುಟ್ಟಿದ ಮೊದಲ ಪೀಳಿಗೆಯ ನಕ್ಷತ್ರಗಳನ್ನು ಹುಡುಕುವವರಿಗೆ ಎರಡು ಗುರುತು ಬೇಕು: ಹೀಲಿಯಂನ 164 ನ್ಯಾನೋಮೀಟರಿನ ಗೆರೆ ಇರಬೇಕು, ಆಮ್ಲಜನಕದ ಗೆರೆ ಇರಬಾರದು. 2015ರಲ್ಲಿ ಸಿಆರ್7 ಎಂಬ ಗೆಲಾಕ್ಸಿಯಲ್ಲಿ ಇವು ಸಿಕ್ಕವೆಂದು ದೊಡ್ಡ ಸುದ್ದಿಯಾಗಿತ್ತು. ಹೆಸರಿನಲ್ಲಿ ಫುಟ್‌ಬಾಲಿಗ ಕ್ರಿಸ್ಟಿಯಾನೊ ರೊನಾಲ್ಡೊ ನೆನಪೂ ಸೇರಿತ್ತು. ಆಮೇಲೆ ಆಲ್ಮಾ ಅಲ್ಲಿ ಇಂಗಾಲ ಕಂಡಿತು, ಹೀಲಿಯಂ ಗೆರೆ ಮರುಪರೀಕ್ಷೆಯಲ್ಲಿ ಕರಗಿತು. ಈಗಿನ ಉಮೇದುವಾರ ಎಲ್‌ಎಪಿ1-ಬಿ. ಗುರುತ್ವ ಮಸೂರ ಹಿಗ್ಗಿಸಿ ತೋರಿಸಿದ ಈ ಪುಟ್ಟ ಗುಂಪಿನಲ್ಲಿ ಆಮ್ಲಜನಕ ಸೂರ್ಯನ ಶೇ. 0.5ಕ್ಕೂ ಕಡಿಮೆ. ಕಡಿಮೆ, ಆದರೆ ಸೊನ್ನೆಯಲ್ಲ.

ನಕ್ಷತ್ರಗಳನ್ನು ಬಿಟ್ಟು ಜಲಜನಕವನ್ನೇ ಕೇಳಬಹುದೆನ್ನುವವರು 21 ಸೆಂಟಿಮೀಟರಿನ ರೇಡಿಯೋ ಗೆರೆಯ ಬೆನ್ನು ಹತ್ತಿದ್ದಾರೆ. 2018ರಲ್ಲಿ ಆಸ್ಟ್ರೇಲಿಯಾದ ಎಡ್ಜಸ್ ಪ್ರಯೋಗ 78 ಮೆಗಾಹರ್ಟ್ಜ್ ಬಳಿ ಒಂದು ಆಳವಾದ ತಗ್ಗು ಕಂಡಿತು. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು ಅದೆನ್ನಲಾಯಿತು, ಆದರೆ ಸಿದ್ಧಾಂತ ಒಪ್ಪುವುದಕ್ಕಿಂತ ಅದು ತೀರಾ ಆಳವಿತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ತಮ್ಮ ಸಾರಸ್-3 ಆಂಟೆನಾವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯ ಮೇಲೂ ಶರಾವತಿ ಹಿನ್ನೀರಿನ ಮೇಲೂ ತೇಲಿಬಿಟ್ಟು ಅಳೆದರು. ಆಂಟೆನಾದ ಕೆಳಗೆ ಕಲ್ಲುಮಣ್ಣಿನ ಪದರಗಳ ಬದಲು ಒಂದೇ ಸಮನಾದ ನೀರಿದ್ದರೆ ನೆಲದಿಂದ ಬರುವ ಗೊಂದಲ ತಪ್ಪುತ್ತದೆಂಬ ಉಪಾಯ. 2022ರಲ್ಲಿ ಪ್ರಕಟವಾದ ಫಲಿತಾಂಶ ಎಡ್ಜಸ್‌ನ ತಗ್ಗನ್ನು ಶೇ. 95.3 ಖಾತರಿಯಿಂದ ತಳ್ಳಿಹಾಕಿತು.

ಇನ್ನೂ ಇತ್ಯರ್ಥವಾಗದ್ದು

ಸಾರಜನಕದ ಮೂಲ ಯಾವುದೆಂದು ತಿಳಿಯಲು ಬೆರಳೆಣಿಕೆಯ ಗೆಲಾಕ್ಸಿಗಳು ಸಾಲವು. 9.6 ದಾಟಿದ ಕಡೆ ಆಮ್ಲಜನಕದ ಹಸಿರು ಗೆರೆಯನ್ನು ವೆಬ್‌ನ ಮಧ್ಯ-ಅವಕೆಂಪು ಉಪಕರಣ ಹಿಡಿಯಬಲ್ಲದು, ಜಿಎಚ್‌ಝಡ್2ರಲ್ಲಿ, 12.3ರ ಕೆಂಪು ಪಲ್ಲಟದಲ್ಲಿ, ಹಿಡಿದೂ ಇದೆ. ಆದರೆ ಒಂದೊಂದು ಗೆಲಾಕ್ಸಿಗೂ ಬಹಳ ಹೊತ್ತು ಬೇಕು. ಕೆಂಪು ಚುಕ್ಕೆಗಳ ತೂಕಕ್ಕೆ ಸೂತ್ರವಿಲ್ಲದ ಅಳತೆಗಳು ಇನ್ನಷ್ಟು ಬರಬೇಕು. ಅಲ್ಲಿಯವರೆಗೆ ಆದಿಕಾಲದ ಕಪ್ಪುಕುಳಿಗಳ ಜನಗಣತಿಯನ್ನು ಎಚ್ಚರದಿಂದಲೇ ಓದಬೇಕು. ಚಿಲಿಯಲ್ಲಿ ಏಳುತ್ತಿರುವ 39 ಮೀಟರ್ ವ್ಯಾಸದ ದೂರದರ್ಶಕ ಮುಗಿದರೆ ಕ್ಷೀಣ ಗೆರೆಗಳನ್ನು ಇನ್ನಷ್ಟು ಬಿಡಿಸಿ ನೋಡಲು ಆದೀತು. ತಪ್ಪಿಸಿಕೊಂಡ ಫೋಟಾನುಗಳ ಪಾಲು ಮಾತ್ರ ಎಷ್ಟು ದೊಡ್ಡ ಕನ್ನಡಿ ಕಟ್ಟಿದರೂ ಆ ಕಾಲದ ಗೆಲಾಕ್ಸಿಗಳಲ್ಲಿ ನೇರವಾಗಿ ಸಿಗುವಂಥದ್ದಲ್ಲ. ಆ ಫೋಟಾನುಗಳು ಜಲಜನಕವನ್ನು ಒಡೆಯುವುದರಲ್ಲೇ ಖರ್ಚಾಗಿಹೋಗಿವೆ. ಹತ್ತಿರದ ಗೆಲಾಕ್ಸಿಗಳಿಂದ ಕಲಿತ ಸೂತ್ರ ಅಲ್ಲಿಗೂ ಅನ್ವಯಿಸುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ದಾರಿಯನ್ನು ಮೊದಲು ಹುಡುಕಬೇಕಾಗಿದೆ.